ತೊಟ್ಟಿಲ ಮನೆಗೆ ಕೊಂಡ ಲೆನ್ಸ್

ಆ ಶನಿವಾರ ನಾವಿಬ್ಬರೂ ಕೋಠಿಯ ಕ್ಯಾಮೆರಾ ಅಂಗಡಿಗೆ ಲೆನ್ಸ್ ಕೊಳ್ಳಲು ಹೋಗಿದ್ದೆವು. ನಮ್ಮ ಮನೆಯವರ ಹೆಸರು ಹುಲಗೇಶ. ಸಿಂಧನೂರು ಕಡೆಯವರು. ಮನೆಮನೆಗೆ ಹೋಗಿ ಮಕ್ಕಳ ಫೋಟೊ ತೆಗೆಯುತ್ತಿದ್ದರು. ಮಿಯಾಪುರದಲ್ಲಿ ಸಾಫ್ಟ್‌ವೇರ್ ಮಂದಿಯ ಅಪಾರ್ಟ್‌ಮೆಂಟ್‌ಗಳು ಎದ್ದಿದ್ದವು, ತೊಟ್ಟಿಲ ಕಾರ್ಯಕ್ಕೆ ಕರೆ ಬರುತ್ತಿತ್ತು. ಆದರೆ ಪ್ರತಿ ಮನೆಯಲ್ಲೂ ಒಬ್ಬ ಅಜ್ಜಿ. ಕೂಸಿನ ಕಣ್ಣಿಗೆ ಫ್ಲ್ಯಾಶ್ ಹೊಡೆಯಬೇಡ ಎನ್ನುತ್ತಿದ್ದಳು. ಫ್ಲ್ಯಾಶ್ ಇಲ್ಲದೆ ಹಳೆ ಲೆನ್ಸಿನಲ್ಲಿ ಕೂಸಿನ ಕೈಕಾಲು ಕಲಸಿದಂತೆ ಬರುತ್ತಿದ್ದವು.

ಅಂಗಡಿಯ ಮಲ್ಲಣ್ಣ ನಮ್ಮ ಕಡೆಯವನೇ. "ಕ್ಯಾಮೆರಾನಽ ಹೊಸಾದು ತಗೋ ಹುಲಗೇಶಪ್ಪಾ. ಈ ಉದ್ದನ್ನ ಲೆನ್ಸ್ ನೋಡು, ಗಿಡದ ಮ್ಯಾಲಿನ ಹಕ್ಕೀನೂ ಸಿಗ್ತೈತಿ."

"ನನ್ನ ಹಕ್ಕಿ ತೊಟ್ಲದಾಗ ಇರ್ತೈತ್ರಿ ಮಲ್ಲಣ್ಣ. ಕ್ಯಾಮೆರಾ ಇದಽ ಸಾಕು. ಆ ಗಿಡ್ಡಂದು ಕೊಡ್ರಿ, ಭಾಳ ಬೆಳಕು ಕುಡಿತೈತಿ."

"ಇದರಾಗ ಹತ್ರ ದೂರ ಎಳಿಯಾಕ ಬರಂಗಿಲ್ಲಪಾ."

"ಕಾಲು ಅದಾವಲ್ರೀ, ನಾನಽ ಸರೀತೀನಿ."

ಆಮೇಲೆ ನನಗೆ, "ಬಳಿ ಅಲ್ಲಾಡಸು" ಎಂದರು. ಕೂಸು ಕ್ಯಾಮೆರಾ ಕಡೆ ನೋಡಲೆಂದು ಅವರ ಹಿಂದೆ ನಿಂತು ಬಳೆ ಅಲ್ಲಾಡಿಸುವುದು ನನ್ನ ಕೆಲಸ. ಅಂಗಡಿಯ ಕತ್ತಲ ಮೂಲೆಯಲ್ಲಿ ಅಲ್ಲಾಡಿಸಿದೆ. ಅವರು ಫ್ಲ್ಯಾಶ್ ಇಲ್ಲದೆ ತೆಗೆದ ಫೋಟೊದಲ್ಲಿ ಹಸಿರು ಬಳೆ ಒಂದೊಂದೂ ಬೇರೆಬೇರೆ ಕಂಡಿತು. ಅದನ್ನೇ ಕೊಂಡೆವು.

ಮರುದಿನ ಹಾಲು ತರಲು ಹೋದವರಿಗೆ ನೀರಿನ ಟ್ಯಾಂಕರ್ ಬಡಿಯಿತು. ಅಲ್ಲೇ ಜೀವ ಹೋಯಿತು. ಬಂಧುಗಳು ನನ್ನ ಬಳೆ ತೆಗೆಸಿದರು.

ಕ್ಯಾಮೆರಾ ಉಳಿಯಿತು. ಗುಂಡಿ ಒತ್ತುವುದನ್ನು ನನಗೂ ಕಲಿಸಿದ್ದರು. ಅದರಿಂದ ಹೊಟ್ಟೆಪಾಡು ನಡೆಯದಿದ್ದರೆ ನಾನು ತಮ್ಮನ ಮನೆಗೆ ಹೋಗಿ ಬೀಳಬೇಕಿತ್ತು.

ಮಿಯಾಪುರದ ಸ್ನೇಹಲತಾ ಫೋನ್ ಮಾಡಿದಳು. ಅವಳ ಮೊದಲ ಕೂಸಿನ ಫೋಟೊ ಇವರೇ ತೆಗೆದಿದ್ದರು. ಈಗ ಎರಡನೆಯದರ ತೊಟ್ಟಿಲು. ಕ್ಯಾಮೆರಾ ಹಿಡಿದು ಹೋದೆ; ಬಾಗಿಲಲ್ಲಿ ಅವಳ ಅತ್ತೆ, ಅವರೂ ನಮ್ಮ ಕಡೆಯವರೇ, ನನ್ನ ಕೈ ನೋಡಿದರು.

"ಬರಿಗೈಲೆ ತೊಟ್ಲದ ಮುಂದ ನಿಂದರ್ತಿಯೇನಬೇ?"

"ಫೋಟೊ ತೆಗಿಯಾಕ ಬಂದೀನ್ರಿ, ಉಡಿ ತುಂಬಾಕ ಅಲ್ಲ."

"ನಾಲಿಗಿ ನೋಡು ಇಕೀದು! ಹೆಸರಿಟ್ಟ ಮ್ಯಾಲೆ ಒಳಗ ಬಾ."

ಅಡುಗೆಮನೆಯಲ್ಲಿ ಕೂತೆ. ಮುತ್ತೈದೆಯರು ಊಟಕ್ಕೆ ಎದ್ದ ಮೇಲೆ ಕರೆದರು. ಕೂಸು ಎಚ್ಚರವಿತ್ತು. ಕರೆಯಲು ನನ್ನ ಕೈಯಲ್ಲಿ ಸದ್ದಿಲ್ಲ. ಅದು ನನ್ನ ಕಡೆ ನೋಡಲಿಲ್ಲ. ತನ್ನ ಮುಷ್ಟಿಯನ್ನೇ ನೋಡುತ್ತಿತ್ತು, ಏನೋ ಸಿಕ್ಕ ಹಾಗೆ. ಕಿಟಕಿಯ ಪರದೆ ಸರಿಸಿದೆ. ಹತ್ತಿರ ಹೋಗಿ ಒತ್ತಿದೆ.

ಅತ್ತೆ ಫೋಟೊವನ್ನು ಬಹಳ ಹೊತ್ತು ನೋಡಿದರು. "ಎಲ್ಲಾರೂ ಕುಣಿಸಿ ನಗಿಸಿ ತೆಗೀತಾರ. ಇದು ನಮ್ಮ ಕೂಸಽ ಐತಿ ನೋಡು. ಬರೂ ತಿಂಗಳ ನನ್ನ ಮಗಳ ಮನ್ಯಾಗೂ ತೊಟ್ಲ ಐತಿ, ಬಾ."

"ಅಲ್ಲೂ ಅಡಿಗಿಮನ್ಯಾಗ ಕುಂದರಸ್ತೀರೇನ್ರಿ?"

"ಕುಂದರು. ಊಟ ಮೊದಲ ನಿನಗಽ ಸಿಗ್ತೈತಿ."

ಹೋದೆ. ಅಲ್ಲಿಂದ ಇನ್ನೊಂದು ಮನೆ. ತಮ್ಮನ ಮನೆಗೆ ಹೋಗಲಿಲ್ಲ. ದಿನಾ ಬೆಳಿಗ್ಗೆ ಎದ್ದ ಕೂಡಲೇ, ಕರೆಂಟ್ ಹೋಗುವ ಮೊದಲು, ಕ್ಯಾಮೆರಾದ ಬ್ಯಾಟರಿ ಚಾರ್ಜಿಗೆ ಹಾಕುತ್ತೇನೆ.