ಪಿನ್ನಮ್ಮ ಮೇಲಕ್ಕೇರಿಸುವ ಉತ್ತರ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ಮೂಲೆಯ ಇಸ್ತ್ರಿ ಅಂಗಡಿಯ ಷಟರ್ ಅರ್ಧ ಎದ್ದಿದೆ. ಒಳಗೆ ಬಟ್ಟೆಗಂಟುಗಳ ನಡುವೆ ಒಬ್ಬ ಹೆಂಗಸು ಸ್ಟೂಲಿನ ಮೇಲೆ ಕುಳಿತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಫೋನ್ ಓದುತ್ತಿದ್ದಾರೆ. ಇಸ್ತ್ರಿಪೆಟ್ಟಿಗೆ ಇನ್ನೂ ತಣ್ಣಗಿದೆ.

"ಏನಮ್ಮಾ, ನಿನ್ನ ನಲವತ್ತು ಸಾವಿರ ಮಕ್ಕಳೂ ಎದ್ದವಾ?" ಎಂದು ಗಂಡ ಒಳಗಿನಿಂದ ಕಿಚಾಯಿಸುತ್ತಾರೆ.

"ಎದ್ದು ಜಗಳಾನೂ ಶುರು ಮಾಡಿದಾವೆ," ಎನ್ನುತ್ತಾರೆ ಇವರು, ತಲೆ ಎತ್ತದೆ.

ಆ ನಲವತ್ತು ಸಾವಿರ ಜನ ಬಟ್ಟೆಯ ಕಲೆ ತೆಗೆಯುವ ಉಪಾಯಗಳನ್ನು ಹಂಚಿಕೊಳ್ಳುವ ಆನ್‌ಲೈನ್ ಗುಂಪಿನ ಸದಸ್ಯರು. ಅಲ್ಲಿ ಯಾರು ಬೇಕಾದರೂ ಕೇಳಬಹುದು, ಯಾರು ಬೇಕಾದರೂ ಉತ್ತರಿಸಬಹುದು. ಪ್ರತಿ ಪ್ರಶ್ನೆಯ ಕೆಳಗಿನ ಉತ್ತರಗಳಲ್ಲಿ ಒಳ್ಳೆಯದೊಂದನ್ನು ಹುಡುಕಿ, ಎಲ್ಲಕ್ಕಿಂತ ಮೇಲೆ ಪಿನ್ ಮಾಡುವುದು ಇವರ ಕೆಲಸ. ಹಾಗಾಗಿ ಗುಂಪಿನವರಿಗೆಲ್ಲ ಇವರು ಪಿನ್ನಮ್ಮ. ಸಂಬಳವಿಲ್ಲ. ಗುಂಪು ಕಟ್ಟಿದಾತ ಇದೇ ಅಂಗಡಿಯ ಗಿರಾಕಿ. "ನಾಲ್ಕು ದಿನ ನೋಡ್ಕೊಳ್ಳಿ, ಊರಿಂದ ಬಂದು ತಗೋತೀನಿ ಅಂದ್ರು. ಮೂರು ವರ್ಷ ಆಯ್ತು, ಪುಣ್ಯಾತ್ಮ ಇನ್ನೂ ಊರಲ್ಲೇ ಇದಾರೆ," ಎಂದು ನಗುತ್ತಾರೆ.

ದಿನಕ್ಕೆ ಅರವತ್ತರ ಹತ್ತಿರ ಪ್ರಶ್ನೆಗಳು. ನಗಿಸುವ ಉತ್ತರ ತಾನಾಗಿಯೇ ಮೇಲೆ ತೇಲುತ್ತದೆ, ಕೆಲಸಕ್ಕೆ ಬರುವುದು ತಳ ಸೇರುತ್ತದೆ. "ನಗು ಬಂದ್ರೆ ನಾನೂ ಹಾರ್ಟ್ ಒತ್ತುತೀನಿ. ಆದ್ರೆ ಕಲೆಯಾದ ಅಂಗಿ ಹಿಡ್ಕೊಂಡು ಬಚ್ಚಲಲ್ಲಿ ನಿಂತೋಳಿಗೆ ಆ ನಗು ಕಟ್ಕೊಂಡು ಏನಾಗ್ಬೇಕು?" ಅನುಮಾನ ಬಂದರೆ ಹಳೆಯ ಬಟ್ಟೆಯ ಚೂರಿನ ಮೇಲೆ ತಾವೇ ಪ್ರಯೋಗ ಮಾಡುತ್ತಾರೆ. ಅಂಗಡಿಯ ಹಿಂಗೋಡೆಯ ದಾರದಲ್ಲಿ ಅಂಥ ಚೂರುಗಳು ಸಾಲಾಗಿ ಒಣಗುತ್ತಿವೆ.

ಆ ಗುಂಪಿನ ಕಣ್ಮಣಿ ಇವರ ಸ್ವಂತ ಅಕ್ಕ. ಬಾಯಿ ತೆರೆದರೆ ಜನ ಬಿದ್ದು ಬಿದ್ದು ನಗುತ್ತಾರೆ. ಎರಡು ತಿಂಗಳ ಹಿಂದೆ ಅಕ್ಕ ಒಂದು ವಿಡಿಯೊ ಹಾಕಿದರು: ಬ್ಲೀಚಿಗೆ ಬಚ್ಚಲು ತೊಳೆಯುವ ಆಸಿಡ್ ಬೆರೆಸಿದರೆ ಎಂಥ ಕಲೆಯೂ ಮಾಯ. ಒಂಬೈನೂರು ಮಂದಿ ಮೆಚ್ಚಿದರು. ಅವೆರಡೂ ಸೇರಿದರೆ ವಿಷದ ಹೊಗೆ ಏಳುತ್ತದೆ. ಮಾಡಿ ನೋಡಿದ ಒಬ್ಬಾಕೆ, ಉಸಿರು ಕಟ್ಟಿ ಬಚ್ಚಲಿನಿಂದ ಹೊರಗೆ ಓಡಿಬಂದೆ ಎಂದು ಬರೆದರು. ಪಿನ್ನಮ್ಮ ವಿಡಿಯೊ ಅಳಿಸಿ, ಆಕೆಯ ಮಾತನ್ನೇ ಮೇಲಕ್ಕೇರಿಸಿದರು.

ಅಕ್ಕನಿಗೆ ಮೊದಲು ಒಂದು ಮಾತು ಹೇಳಬಹುದಿತ್ತಲ್ಲ, ಎಂದು ನಾನು ಕೇಳುತ್ತೇನೆ.

"ಫೋನ್ ಮಾಡ್ದೆ, ಎತ್ತಲಿಲ್ಲ. ಅಷ್ಟರಲ್ಲಿ ಇನ್ನೊಬ್ರು ಬೆರೆಸಿದ್ರೆ?" ಎನ್ನುತ್ತಾರೆ. "ನಲವತ್ತು ಸಾವಿರ ಜನರ ಮುಂದೆ ನನ್ನ ಮಾನ ಕಳೆದೆ ಅಂದ್ಲು. ಆವತ್ತಿಂದ ಮಾತಿಲ್ಲ. ನನ್ನ ತಲೆ ಬಾಚಿ, ಜಡೆ ಹಾಕಿ ಬೆಳೆಸಿದೋಳು ಸಾರ್," ಎಂದು ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತಾರೆ.

ಇವತ್ತು ಬೆಳಗ್ಗೆ ಪಟ್ಟಿಯಲ್ಲಿ ಅಕ್ಕನ ಉತ್ತರ ಕಾಣಿಸಿದೆ, ಎರಡು ತಿಂಗಳಲ್ಲಿ ಮೊದಲ ಬಾರಿಗೆ. ಶಾಲೆಯ ಬಿಳಿ ಅಂಗಿಗೆ ಬಾಲ್‌ಪೆನ್ನಿನ ಶಾಯಿ ಮೆತ್ತಿದೆ, ಏನು ಮಾಡಲಿ ಎಂಬುದು ಪ್ರಶ್ನೆ. ಸ್ಯಾನಿಟೈಸರ್ ಹಾಕಿ ಹತ್ತಿಯಿಂದ ಮೆಲ್ಲಗೆ ಒತ್ತಿ, ಉಜ್ಜಬೇಡಿ ಎಂದು ಅಕ್ಕ ಬರೆದಿದ್ದಾರೆ. ತಮಾಷೆಯಿಲ್ಲ, ಕುಣಿತವಿಲ್ಲ. ಅದರ ಕೆಳಗೆ ಯಾರೋ ಹೊಸಬರು ಅದನ್ನೇ ಹೇಳಿ, ಅಡಿಯಲ್ಲಿ ಒಂದು ಹಳೆ ಬಟ್ಟೆ ಇಡಿ, ಇಲ್ಲದಿದ್ದರೆ ಶಾಯಿ ಅಂಗಿಯ ಬೆನ್ನಿಗೂ ಹತ್ತುತ್ತದೆ ಎಂದು ಸೇರಿಸಿದ್ದಾರೆ.

ಪಿನ್ನಮ್ಮ ಎರಡನ್ನೂ ಮತ್ತೆ ಮತ್ತೆ ಓದುತ್ತಾರೆ. ಹೆಬ್ಬೆರಳು ಅಕ್ಕನ ಉತ್ತರದ ಮೇಲೆ ಹೋಗಿ ನಿಲ್ಲುತ್ತದೆ. ಆಮೇಲೆ ಕೆಳಗಿಳಿದು ಹೊಸಬರದ್ದನ್ನು ಪಿನ್ ಮಾಡುತ್ತದೆ.

"ಅಕ್ಕ ಚೆನ್ನಾಗೇ ಬರೆದಿದಾಳೆ. ಇದು ಒಂದು ಕೂದಲಷ್ಟು ಮೇಲು," ಎಂದು ಫೋನನ್ನು ಮೇಜಿನ ಮೇಲಿಟ್ಟು ಇಸ್ತ್ರಿಪೆಟ್ಟಿಗೆಯ ಸ್ವಿಚ್ ಒತ್ತುತ್ತಾರೆ. "ಇವತ್ತು ಅವಳಿಗೆ ತಡ್ಕೊಳ್ಳೋಕಾಗಲ್ಲ. ಬೈಯೋಕಾದ್ರೂ ಫೋನ್ ಮಾಡ್ಲಿ."