ಅಮಾತೆಪ್ಪನ ಆರು ತಿಂಗಳು

ಇಳಕಲ್ಲಿನ ಹಳೆಯ ಹತ್ತಿ ಗಿರಣಿಯ ಹಿಂದೆ ಐದು ಕೋಣೆಗಳ ಒಂದು ಸಾಲಿತ್ತು. ಊರವರು ಅದಕ್ಕೆ ಆರು ತಿಂಗಳ ಮನಿ ಎನ್ನುತ್ತಿದ್ದರು. ಕಂಪೌಂಡರ್ ಕೆಲಸದಿಂದ ನಿವೃತ್ತರಾದ ಸಂಗಯ್ಯನವರು ಅದನ್ನು ನಡೆಸುತ್ತಿದ್ದರು. ತಲೆ ಕೆಟ್ಟು, ಕುಡಿದು, ಬಸ್ ನಿಲ್ದಾಣದಲ್ಲೋ ಗುಡಿಯ ಕಟ್ಟೆಯ ಮೇಲೋ ಬಿದ್ದಿದ್ದವರು ಧಾರವಾಡದ ದವಾಖಾನೆಯಲ್ಲಿ ಸುಧಾರಿಸಿ ಹೊರಬಂದ ಮೇಲೆ, ಹೋಗಲು ಮನೆಯಿಲ್ಲದಿದ್ದರೆ ಇಲ್ಲಿ ಆರು ತಿಂಗಳು ಇರಬಹುದಿತ್ತು. ಅಷ್ಟರೊಳಗೆ ಒಂದು ಕೆಲಸ, ಒಂದು ನೆಲೆ ಹುಡುಕಿಕೊಳ್ಳಬೇಕು. ಆರು ತಿಂಗಳು ತುಂಬಿದ ದಿನ ಹಾಸಿಗೆ ಇನ್ನೊಬ್ಬನಿಗೆ. ನಾನು ಅಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಬೆಳಿಗ್ಗೆ ಚಹಾದ ಜೊತೆ ಅವರವರ ಗುಳಿಗೆ ಕೊಡುವುದೂ ನನ್ನ ಪಾಲಿಗಿತ್ತು.

ಸಂಗಯ್ಯನವರಿಗೆ ಕುಡಿತದ್ದೇ ಹೆದರಿಕೆ. ಸಂಜೆ ಬಾಗಿಲಲ್ಲಿ ನಿಂತು ಹೊರಗಿನಿಂದ ಬಂದ ಒಬ್ಬೊಬ್ಬನಿಂದಲೂ ಮುಖದ ಮೇಲೆ ಊದಿಸಿಕೊಳ್ಳುತ್ತಿದ್ದರು. ವಾಸನೆ ಬಂದರೆ ಒಳಗೆ ಜಾಗವಿಲ್ಲ. ಹಿಂದೆ ಬಾದಾಮಿಯ ಕಡೆ ಕಲ್ಲು ಒಡೆಯುತ್ತಿದ್ದು ಈಗ ಅಲ್ಲಿದ್ದ ಮುದಕಪ್ಪ ಬೇಕೆಂದೇ ಉಳ್ಳಾಗಡ್ಡಿ ತಿಂದು ಬಂದು ಊದುತ್ತಿದ್ದ.

"ಏನಲೇ ಇದು, ಹೊಲಸು ನಾರತೈತಿ."

"ಪರೀಕ್ಷಾ ಇಟ್ಟಾವ್ರು ನೀವರಿ ಅಜ್ಜಾರ. ಉತ್ತರ ಹೆಂಗಿದ್ರೂ ಓದಬೇಕು."

ಎಂಬತ್ಮೂರರ ದೀಪಾವಳಿ ಕಳೆದ ಮೇಲೆ ಅಮಾತೆಪ್ಪ ಬಂದ. ನಲವತ್ತರ ಆಸುಪಾಸಿನ ಆಳು, ಇಳಕಲ್ಲಿನವನೇ, ನೇಕಾರ. ನಾನು ಜೋಳ ಹಸನು ಮಾಡುವಾಗ ಬಂದು ಕೂತು ತನ್ನ ಕಥೆಯನ್ನು ಚೂರು ಚೂರಾಗಿ ಹೇಳುತ್ತಿದ್ದ. ನಮ್ಮ ಸೀರೆಯ ಮೈಯ ನೂಲೇ ಬೇರೆ, ಸೆರಗಿನ ಕೆಂಪು ರೇಷ್ಮೆಯೇ ಬೇರೆ. ಮಗ್ಗದ ಮೇಲೆ ಎರಡರ ಎಳೆಗಳನ್ನೂ ಒಂದರೊಳಗೊಂದು ಸಿಕ್ಕಿಸಿ ಜೋಡಿಸಬೇಕು. ಅದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಸಾವಿರಾರು ಎಳೆ. ಆ ಕೆಲಸಕ್ಕೆ ಅಮಾತೆಪ್ಪನನ್ನು ಬೇರೆ ಓಣಿಯವರೂ ಕರೆಯುತ್ತಿದ್ದರಂತೆ. ಆಮೇಲೆ, ಎಪ್ಪತ್ತೈದರ ಸುಮಾರಿಗೆ, ಅವನು ಕಾಲು ಇಳಿಬಿಟ್ಟು ಕೂಡುವ ಮಗ್ಗದ ಕುಣಿಯೊಳಗಿಂದ ಮಾತು ಕೇಳಿಸತೊಡಗಿತು.

"ಇಬ್ರು ಕುಂತು ನನ್ನ ಸುದ್ದೀನ ಆಡತಿದ್ರು ಯವ್ವ. ಲಾಳಿ ಈ ಕಡಿ ಬಂದ್ರ ಒಬ್ಬಾವ, ಆ ಕಡಿ ಹೋದ್ರ ಇನ್ನೊಬ್ಬಾವ. ಕುಡದ್ರ ಸುಮ್ನಾಗತಿದ್ರು."

ಹೆಂಡತಿ ಗುರುಸಿದ್ದವ್ವ ಆರು ವರ್ಷ ನೋಡಿದಳು. ಕಡೆಗೆ ಹುನಗುಂದದ ಅಣ್ಣನ ಮನೆಗೆ ಹೋದಳು, ಅವರು ಅವಳನ್ನು ಇನ್ನೊಬ್ಬನಿಗೆ ಉಡಿಕೆ ಮಾಡಿ ಕೊಟ್ಟರು. ಇವನು ಬಾದಾಮಿ ಬಸ್ ನಿಲ್ದಾಣದಲ್ಲಿ ಮಲಗಿದ, ಮಹಾಕೂಟದಲ್ಲಿ ಪ್ರಸಾದ ಉಂಡ.

"ಮಹಾಕೂಟ ಛಲೋ ಇತ್ತು. ಹೊಂಡದ ನೀರಿನ ಸಪ್ಪಳಕ್ಕ ಅವರ ಮಾತು ಕೇಳತಿದ್ದಿಲ್ಲ" ಎಂದಿದ್ದ.

ಗುಳಿಗೆ ಆ ಇಬ್ಬರ ಬಾಯಿ ಮುಚ್ಚಿಸಿತ್ತು. ಆದರೆ ಅದೇ ಗುಳಿಗೆಗೆ ಅವನ ಕೈ ನಡುಗುತ್ತಿತ್ತು. ಚಹಾ ಅರ್ಧ ಅಂಗಿಯ ಮೇಲೆ ಚೆಲ್ಲುತ್ತಿತ್ತು. ಹುಚ್ಚ ಎಂದು ಹೆಸರಾದವನನ್ನು ಮಗ್ಗದ ಹತ್ತಿರ ಬಿಟ್ಟುಕೊಳ್ಳಲು ಒಪ್ಪಿದವಳು ರಂಜಾನಬಿ ಒಬ್ಬಳೇ. ಗಂಡ ಸತ್ತ ಮೇಲೆ ಮೂರು ಮಗ್ಗ ನಡೆಸುತ್ತಿದ್ದ ಹೆಂಗಸು.

"ನಿನ್ನ ತಲಿ ಕಟಗೊಂಡು ನನಗೇನಾಗಬೇಕು. ಕೈ ತೋರಸು" ಎಂದಳು. ತೋರಿಸಲು ಕೂತರೆ ಎಳೆ ಪಟಪಟ ಹರಿದವು. "ಏ ಅಮಾತೆಪ್ಪ, ಕೊಂಡಿ ಹಾಕಾಕ ಕರದೇನಿ, ಜೋಳ ತೂರಾಕ ಅಲ್ಲ" ಎಂದಳು. ಅಲ್ಲಿದ್ದವರು ನಕ್ಕರು. ಅವನೂ ನಕ್ಕನಂತೆ. ಅವತ್ತು ಅವನು ಉಣ್ಣಲಿಲ್ಲ.

ಹಾಸಿಗೆ ಬಿಡಲು ಇಪ್ಪತ್ತು ದಿನ ಉಳಿದಿದ್ದಾಗ, ಒಂದು ಬೆಳಿಗ್ಗೆ ನಾನು ಕೊಟ್ಟ ಗುಳಿಗೆಯನ್ನು ಮರಳಿ ನನ್ನ ಅಂಗೈಯಲ್ಲೇ ಇಟ್ಟ.

"ವಾರ ಆತು ಯವ್ವ, ನುಂಗಿಲ್ಲ. ನೋಡಿಲ್ಲೆ." ಕೈ ಚಾಚಿದ. ಬೆರಳು ಅಲುಗಲಿಲ್ಲ.

"ಅವರಿಬ್ರು ಬಂದ್ರ?"

"ಬಂದ್ರ ಮತ್ತ ನುಂಗತೇನಿ. ಸಂಗಯ್ಯಜ್ಜಾಗ ಹೇಳಬ್ಯಾಡ. ಕೈ ಇಲ್ಲಂದ್ರ ನನಗ ಬಸ್ ಸ್ಟ್ಯಾಂಡೇ ಗತಿ."

ಆ ಮನೆಯಲ್ಲಿ ಎಲ್ಲರೂ ನನ್ನ ಮುಂದೆ ಹೇಳಿಕೊಳ್ಳುತ್ತಿದ್ದರು. ನನ್ನ ಕಿವಿಗೆ ಬಿದ್ದದ್ದು ಇನ್ನೊಬ್ಬರ ಕಿವಿಗೆ ಹೋಗುವುದಿಲ್ಲ ಎಂಬ ನಂಬಿಕೆ ಅವರಿಗೆ. ನಾನು ಗುಳಿಗೆಯನ್ನು ಒಲೆಗೆ ಹಾಕಿದೆ. ಮರುದಿನವೂ ಹಾಕಿದೆ.

ರಂಜಾನಬಿಯ ಮಗ್ಗದಲ್ಲಿ ಎರಡು ದಿನ ಕೂತು ಒಂದೂ ಎಳೆ ಹರಿಯದಂತೆ ಕೊಂಡಿ ಹಾಕಿದ. ಅವಳು ಬೆರಳಾಡಿಸಿ ನೋಡಿ, "ಹೊಟ್ಟಿ ಉರೀತೈತಿ ನೋಡು. ಇದರ ಮುಂದ ನನ್ನ ಕೈ ಒಯ್ದು ಒಲಿಗೆ ಇಡಬೇಕು" ಎಂದು, ಮಗ್ಗದ ಕೋಣೆಯಲ್ಲೇ ಅವನಿಗೆ ಮಲಗಲು ಜಾಗ ಮಾಡಿದಳು. ಸಂಗಯ್ಯನವರು ಎಲ್ಲರಿಗೂ ಸಕ್ಕರೆ ಹಂಚಿದರು.

"ಗುಣ ಆತವ್ವಾ. ನೇಕಾರ ಮನಷ್ಯಾ, ಕೈ ನಿಂತೈತಿ ಅಂದ ಮ್ಯಾಲೆ ತಲಿ ನಿಂತಂಗ." ಊರಿನ ನೇಕಾರರೂ ಅದನ್ನೇ ಹೇಳಿದರು. ನಾನೂ ಸಕ್ಕರೆ ತಿಂದೆ. ಸಂಗಯ್ಯನವರು ಕಟ್ಟಿಕೊಟ್ಟ ತಿಂಗಳ ಗುಳಿಗೆಯನ್ನು ಅಮಾತೆಪ್ಪ ಹೋಗುವಾಗ ನನ್ನ ಕೈಗೇ ಇಟ್ಟು ಹೋದ.

ಐದು ವಾರ ಕಳೆದಿರಬೇಕು. ಮಧ್ಯಾಹ್ನ ಬಾಗಿಲಿಗೆ ಬಂದು ನಿಂತ. ಕಣ್ಣು ಒಳಗೆ ಹೋಗಿದ್ದವು.

"ಅಜ್ಜಾರ, ಅವರು ಬಂದಾರ. ಕುಣಿಯೊಳಗ ಕಾಲ ಇಳಿಬಿಡಾಕ ಬರವಲ್ದು. ನಾಕ ದಿನ ಇಟಗೋರಿ."

"ಊದು" ಎಂದರು ಸಂಗಯ್ಯನವರು. ಊದಿದ. "ಬಾಯಿ ಚೊಕ್ಕ ಐತಿ. ಕೆಲಸದ ಬ್ಯಾಸರಕ್ಕ ಹಂಗ ಅನಸತೈತಿ ತಮ್ಮಾ. ಹಾಸಿಗಿ ಒಂದೂ ಖಾಲಿ ಇಲ್ಲ. ಹೋಗು, ಕೆಲಸ ಬಿಡಬ್ಯಾಡ."

ಅವನು ನನ್ನ ಕಡೆ ನೋಡಿದ. ಬಂದರೆ ನುಂಗುತ್ತೇನೆ ಎಂದಿದ್ದ. ನುಂಗಲು ಏನಿತ್ತು? ತಿಂಗಳ ಗುಳಿಗೆಯೂ ನನ್ನ ಒಲೆಗೆ ಹೋಗಿತ್ತು. ಹೇಳಿದರೆ ಸಂಗಯ್ಯನವರು ನನ್ನನ್ನು ಅಡಿಗೆಯಿಂದ ಬಿಡಿಸುತ್ತಾರೆ. ನನಗೂ ಬೇರೆ ಮನೆ ಇರಲಿಲ್ಲ. ಹಿಟ್ಟಿನ ಕೈ ಹಾಗೇ ಹಿಡಿದು ನಿಂತೆ. ಅವನು ಹೋದ.

ಸಂಜೆ ಹೇಳಿದೆ. "ಮಧ್ಯಾಹ್ನ ಯಾಕ ಹೇಳಲಿಲ್ಲವ್ವಾ" ಎಂದರು ಸಂಗಯ್ಯನವರು, ಅಷ್ಟೇ. ಆರು ತಿಂಗಳು ಮುಗಿಸಿ ಊರಲ್ಲೇ ಹಮಾಲಿ ಮಾಡುತ್ತಿದ್ದ ಮುದಕಪ್ಪನನ್ನು ಕರೆದು ರಂಜಾನಬಿಯ ಮನೆಗೆ ಕಳಿಸಿದರು. ಅರ್ಧ ನೇಯ್ದ ಸೀರೆ ಮಗ್ಗದ ಮೇಲೆ ಹಾಗೇ ಇತ್ತು, ಅವನಿರಲಿಲ್ಲ.

ಶ್ರಾವಣದಲ್ಲಿ ಅವನು ಹುನಗುಂದದ ಬಸ್ ನಿಲ್ದಾಣದಲ್ಲಿ ಬಿದ್ದಿದ್ದಾನೆಂಬ ಸುದ್ದಿ ಬಂತು. "ಕರಕೊಂಡ ಬಾ. ಇನ್ನೊಮ್ಮಿ ಆರು ತಿಂಗಳು ಬರಕೋತೇನಿ" ಎಂದು ಸಂಗಯ್ಯನವರು ನನ್ನನ್ನು ಕಳಿಸಿದರು. ಗೋಡೆಗೆ ಒರಗಿ ಕೂತಿದ್ದ. ಕುಡಿದ ಸೆರೆ ದೂರದಿಂದಲೇ ನಾರುತ್ತಿತ್ತು. ನನ್ನ ಗುರುತು ಹಿಡಿದ.

"ನೀ ಹೇಳಿದ್ದಿ ಏನು?"

"ಹೇಳೇನಿ. ತಡಾ ಆತು. ಏಳಪ್ಪ, ಅಜ್ಜಾರು ಬಾ ಅಂದಾರ."

"ಎಷ್ಟ ದಿನಾ?"

"ಆರು ತಿಂಗಳು."

"ಆಮ್ಯಾಲೆ?"

ಅವನು ಕಾಯ್ದ, ಖರೆ ಹೇಳುತ್ತೇನೆ, ನನ್ನ ಬಾಯನ್ನೇ ನೋಡುತ್ತ ಕಾಯ್ದ. ಆಮೇಲೆ ಟವೆಲ್ಲು ಮುಖದ ಮೇಲೆ ಎಳೆದುಕೊಂಡು ಮಲಗಿದ. ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ನಾನು ಹತ್ತಿದೆ.

ಮುಂದಿನ ವಾರ ರಂಜಾನಬಿಯನ್ನು ಕರೆದುಕೊಂಡು ಮತ್ತೆ ಹೋದೆ. ಅವಳು ಹೇಳಿದರೆ ಕೇಳಿಯಾನು ಎಂದು. ಚಹಾದಂಗಡಿಯವನು ಬಟ್ಟಲು ತೊಳೆಯುತ್ತಲೇ ಹೇಳಿದ: "ಆ ಹುಚ್ಚನಾ? ಹೊಳಿ ಸಪ್ಪಳ ಕೇಳಬೇಕಂತ ಮೊನ್ನೆ ಸಂಗಮದ ಬಸ್ಸಿನ್ಯಾಗ ಹತ್ತಿ ಕುಂತಿದ್ದ. ಕಂಡಕ್ಟರ ಇಳಿಸಿದನೋ ಬಿಟ್ಟನೋ, ನಾ ನೋಡಲಿಲ್ಲರಿ."