ಫ್ಲೈಓವರ್ ಕೆಳಗಿನ ಟವೆಲ್

ಕಳೆದ ವಾರ ಬೆಳಿಗ್ಗೆ, ಫ್ಲೈಓವರ್ ಕೆಳಗಿನ ಹಳೇ ಬಸ್ ತಂಗುದಾಣದಲ್ಲಿ ಕೆಂಪು ಚೌಕಳಿಯ ಟವೆಲ್ ಕಂಡಿತು. ಕಲ್ಲುಬೆಂಚಿನ ಬಲತುದಿಯಲ್ಲಿ, ನಾಲ್ಕು ಮಡಿಕೆ ಮಾಡಿ ಹಾಸಿತ್ತು. ಹತ್ತಿರ ಹೋದರೆ ನೀಲಗಿರಿ ಎಣ್ಣೆಯ ವಾಸನೆ. ಪಕ್ಕದ ಮನೆಯ ಅಜ್ಜ ಹೀಗೇ ಹಾಸುತ್ತಿದ್ದರು...

ವಾರಕ್ಕೆರಡು ಸಲ ಅವರು ದಾವಣಗೆರೆಗೆ ಡಯಾಲಿಸಿಸ್‌ಗೆ ಹೋಗಬೇಕಿತ್ತು. ಟವೆಲ್ ಹಾಕಿ ಬೆಂಚಿನಲ್ಲಿ ಜಾಗ ಹಿಡಿದು, ಚಾ ಕುಡಿದು ಬರುವಷ್ಟರಲ್ಲಿ ಬಸ್ಸು ಬರುತ್ತಿತ್ತು.

ಆಮೇಲೆ ಫ್ಲೈಓವರ್ ಬಂತು. ಬಸ್ಸುಗಳು ಮೇಲೆ ಹೋದವು, ತಂಗುದಾಣ ಕೆಳಗೇ ಉಳಿಯಿತು. ಕೂತರೆ ತಲೆಯ ಮೇಲೆ ಬಸ್ಸಿನ ಸದ್ದು, ಬೆಂಚಿಗೆ ನಡುಕ. ಬಸ್ಸು ಮಾತ್ರ ಇಲ್ಲ. ನಮ್ಮೂರು ದುರ್ಗವನ್ನು ದಾಟಿ ಹೋಗುವವರ ಹತ್ತು ನಿಮಿಷ ಉಳಿಸಲು ಅಷ್ಟು ಕಾಂಕ್ರೀಟು ಸುರಿದವರು, ದುರ್ಗದಲ್ಲೇ ಹತ್ತಿ ಇಳಿಯುವವರಿಗೆ ನಕ್ಷೆಯಲ್ಲಿ ಒಂದು ಚುಕ್ಕೆಯನ್ನೂ ಇಡಲಿಲ್ಲ. ಊರು ಬೆಳೆಯುತ್ತದೆ ಎಂದರು. ಬೆಳೆದದ್ದು ಕಂಬಗಳು.

ಅಜ್ಜ ಮಾತ್ರ ಅಲ್ಲೇ ಕಾದರು. ಎರಡು ಸಲ ಡಯಾಲಿಸಿಸ್ ತಪ್ಪಿ ಮುಖ ಊದಿತ್ತು.

"ಬಸ್ಸೇ ಬರದ ಕಡೆ ಟವೆಲ್ ಯಾಕಜ್ಜ?" ಎಂದೆ.

"ಕಾಲೇಜಲ್ಲಿ ಮಾತಾಡಿ ಕಪ್ ಹೊಡ್ದವ್ನಲ್ವೇನಲೇ ನೀನು? ಮ್ಯಾಗಿನ ಬಸ್ಸು ಕೆಳಗಿಳ್ಸು ನೋಡಾಣ."

ನಾನು ಬಿಡಲಿಲ್ಲ. ಫ್ಲೈಓವರ್ ಇಳಿಯುವಲ್ಲಿ ನಿಂತು ಕೈ ಮಾಡಿದರೆ ಬಸ್ಸು ನಿಂತೇ ನಿಲ್ಲುತ್ತದೆ ಎಂದು ಕಾರಣ ಕೊಟ್ಟು ವಾದಿಸಿದೆ. ಅಜ್ಜ ಸೋತರು.

"ಆತಪ್ಪ, ನಾಳೆ ಅಲ್ಲಿಗೇ ಹೋಗ್ತೀನಿ. ಟವೆಲ್ ಮಾತ್ರ ಇಲ್ಲೇ ಇರ್ತೈತೆ. ಅಲ್ಲಿ ನಿಲ್ಲಿಸ್ದಿದ್ರೆ ವಾಪಸ್ ಬರಾಕೆ ಜಾಗ ಬೇಕಲ್ಲ."

ಮರುದಿನ ಮಂಜಿತ್ತು. ಕೈ ಎತ್ತಿ ನಿಂತಿದ್ದ ಅಜ್ಜ ಲಾರಿಯವನಿಗೆ ಕಾಣಲಿಲ್ಲವಂತೆ... ಬೆಂಚಿನ ಮೇಲಿದ್ದ ಟವೆಲನ್ನು ನಾನೇ ತಂದು ಅವರ ಮಗಳಿಗೆ ಕೊಟ್ಟೆ. ಅವಳು ಅದನ್ನು ಅವರ ಎದೆಯ ಮೇಲೆ ಹೊದಿಸಿದಳು. ಗುಂಡಿಗೆ ಮಣ್ಣು ಹಾಕುವಾಗ ಟವೆಲ್ ಅಲ್ಲೇ ಇತ್ತು. ನಾನೂ ಒಂದು ಹಿಡಿ ಹಾಕಿದೆ.

ಇಂಥ ಟವೆಲ್ ಸಂತೆಯಲ್ಲಿ ರಾಶಿಗಟ್ಟಲೆ ಸಿಗುತ್ತದೆ, ನೀಲಗಿರಿ ಎಣ್ಣೆಯೂ ಸಿಗುತ್ತದೆ. ಕಳೆದ ವಾರ ಅದನ್ನು ಕಂಡಾಗ ಅಲ್ಲಿದ್ದ ಆಟೋದವರನ್ನು ಕೇಳಿದೆ. "ನಮ್ದಲ್ರಿ. ದಿನಾ ಇರ್ತೈತೆ, ಯಾರು ಹಾಕ್ತಾರೋ ಗೊತ್ತಿಲ್ಲ," ಎಂದರು. ಯಾರೋ ಹಾಕಿರಲೇಬೇಕು ಎಂಬುದು ನನ್ನ ವಾದ. ಈಗಲೂ ಅದನ್ನು ಬಿಟ್ಟಿಲ್ಲ. ಆದರೆ ಬಿಸಿಲು ತಾಗದ ಆ ಜಾಗದಲ್ಲಿ, ಟವೆಲ್ ಪಕ್ಕ ಕೈಯೂರಿದಾಗ ಕಲ್ಲು ಬೆಚ್ಚಗಿತ್ತು.

ಅವತ್ತು ಅಜ್ಜನ ಎದುರು ನಾನು ಸೋಲಬೇಕಿತ್ತು.

ತಲೆಯ ಮೇಲೆ ದಾವಣಗೆರೆ ಬಸ್ಸು ಹಾದುಹೋಯಿತು. ನಾನು ಟವೆಲ್ ಮುಟ್ಟದೆ ಬೆಂಚಿನ ಈ ತುದಿಯಲ್ಲಿ ಕೂತೆ. ವಾಪಸ್ ಬರಲು ಅವರಿಗೆ ಜಾಗವಿರಲಿ.